ತಲೆಯೊಳಗಿನ ಬಾಕಿ ಕೆಲಸ

ಕೇಳುಗರಿಗೆ ನಮಸ್ಕಾರ.

ಫೆಬ್ರವರಿ ಬಂತೆಂದರೆ ಕೊಡಗಿನ ತೋಟದ ಮನೆಗಳಲ್ಲಿ ಕೆಲಸ ಒಂದರ ಮೇಲೊಂದು ಬಂದು ಬೀಳುತ್ತದೆ. ರೊಬಸ್ಟಾ ಕೊಯ್ಲು ಮುಗಿದಿರುವುದಿಲ್ಲ. ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ಮೆಣಸು ಕೊಯ್ಯಲು ಏಣಿ ಹತ್ತುವವರನ್ನು ಹುಡುಕಬೇಕು, ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹೂಡಬೇಕು, ವಾರಕ್ಕೊಮ್ಮೆ ಕೂಲಿ ಬಟವಾಡೆ. ಸಾಲದ್ದಕ್ಕೆ ಮಕ್ಕಳ ಪರೀಕ್ಷೆ. ಸಂಜೆ ಕೂತು ಇವತ್ತು ಏನು ಮುಗಿಯಿತು ಎಂದು ಯೋಚಿಸಿದರೆ ಒಂದೂ ನೆನಪಿಗೆ ಬರುವುದಿಲ್ಲ, ತಲೆ ಮಾತ್ರ ಧಿಮ್ಮೆನ್ನುತ್ತಿರುತ್ತದೆ.

ಕೆಲಸ ಹೆಚ್ಚಾಗಿದ್ದಕ್ಕೇ ಹೀಗೆ ಅನ್ನುತ್ತೇವೆ. ಅರ್ಧ ನಿಜ. ಯಾವುದೇ ಕ್ಷಣದಲ್ಲಿ ಮನಸ್ಸು ಹಿಡಿದಿಟ್ಟುಕೊಳ್ಳಬಲ್ಲ ವಿಷಯಗಳು ಬಹಳ ಕಡಿಮೆ. 1956ರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಅದನ್ನು ಏಳರ ಆಸುಪಾಸು ಎಂದರು. 2001ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ ನಾಲ್ಕರ ಸುತ್ತಮುತ್ತಕ್ಕೆ ಇಳಿಸಿದರು. ಅರೆಬರೆ ಉಳಿದ ಕೆಲಸಗಳು ಈ ಸಣ್ಣ ಜಾಗಕ್ಕೇ ಮತ್ತೆ ಮತ್ತೆ ನುಗ್ಗುತ್ತವೆ. 2011ರಲ್ಲಿ ಮನಶ್ಶಾಸ್ತ್ರಜ್ಞರಾದ ಮಸಿಕಾಂಪೊ ಮತ್ತು ಬೌಮೈಸ್ಟರ್ ನಡೆಸಿದ ಪ್ರಯೋಗಗಳಲ್ಲಿ ಒಂದು ಉಪಯುಕ್ತ ಸಂಗತಿ ಕಂಡಿತು: ಈ ಕಾಟ ನಿಲ್ಲಲು ಕೆಲಸ ಮುಗಿಯಲೇಬೇಕೆಂದಿಲ್ಲ. ಯಾವಾಗ, ಎಲ್ಲಿ, ಹೇಗೆ ಮಾಡುವುದೆಂದು ಖಚಿತವಾಗಿ ಗೊತ್ತುಮಾಡಿಕೊಂಡರೂ ಮನಸ್ಸು ಸುಮ್ಮನಾಗುತ್ತದೆ.

ಹಾಗಾಗಿ ರಾತ್ರಿ ಊಟಕ್ಕೆ ಮುಂಚೆ ಒಂದು ಹದಿನೈದು ನಿಮಿಷ ಬಿಡುವು ಮಾಡಿಕೊಳ್ಳಿ. ಒಂದೇ ನೋಟ್‌ಬುಕ್ ಇರಲಿ. ಚೀಟಿ, ಕ್ಯಾಲೆಂಡರಿನ ಮೂಲೆ, ಬಿಲ್ಲಿನ ಹಿಂಬದಿ ಬೇಡ. ತಲೆಯಲ್ಲಿರುವುದನ್ನೆಲ್ಲ ಸಾಲಾಗಿ ಬರೆಯಿರಿ. ಕ್ರಮ ನೋಡಬೇಡಿ. ಮೊದಲ ದಿನ ಪುಟ ತುಂಬಿದರೂ ಗಾಬರಿಪಡಬೇಕಾಗಿಲ್ಲ.

ಹೆಚ್ಚಿನವರು ಎಡವುವುದು ಇನ್ನು ಮುಂದೆ. "ಸ್ಪ್ರಿಂಕ್ಲರ್" ಎಂದಷ್ಟೇ ಬರೆದಿಟ್ಟರೆ ಚಿಂತೆಗೆ ಹೆಸರಿಟ್ಟಂತಾಯಿತೇ ಹೊರತು ಕೆಲಸ ಗೊತ್ತಾಗಲಿಲ್ಲ. "ನಾಳೆ ಬೆಳಿಗ್ಗೆ 7ಕ್ಕೆ ಕೆರೆ ಹತ್ತಿರ ಪಂಪ್‌ಸೆಟ್‌ನ ಫುಟ್‌ವಾಲ್ವ್ ನೋಡುವುದು, ಸೋರುತ್ತಿದ್ದರೆ ಮೆಕ್ಯಾನಿಕ್‌ಗೆ ಫೋನ್" ಎಂದು ಬರೆಯಿರಿ. ಪ್ರತಿ ಸಾಲಿಗೂ ಒಂದು ಕ್ರಿಯೆ, ಒಂದು ಹೊತ್ತು ಬೇಕು. ಮಳೆ, ಕಾಫಿ ರೇಟು ನಮ್ಮ ಕೈಯಲ್ಲಿಲ್ಲ. ಅವಕ್ಕೆ ದಿನದಲ್ಲಿ ಒಂದು ಹೊತ್ತು ಕೊಡಿ, ಸಂಜೆ 6ಕ್ಕೆ ಅಂತಿಟ್ಟುಕೊಳ್ಳಿ. ಗಂಟೆಗೊಮ್ಮೆ ಮೊಬೈಲಿನಲ್ಲಿ ನೋಡಿದ ಮಾತ್ರಕ್ಕೆ ರೇಟು ಏರುವುದಿಲ್ಲ. ಕೊನೆಗೆ ನಾಳೆಗೆಂದು ಮೂರೇ ಸಾಲಿಗೆ ಗುರುತು ಹಾಕಿ. ಹತ್ತಕ್ಕೆ ಗುರುತು ಹಾಕಿದವರು ಎಂಟನ್ನು ಮರುದಿನಕ್ಕೆ ದಾಟಿಸುತ್ತಾರೆ, ವಾರದೊಳಗೆ ಪುಸ್ತಕವನ್ನೇ ತೆರೆಯುವುದಿಲ್ಲ.

ಹಗಲಿನ ತೊಂದರೆ ಬೇರೆ. ಬಟವಾಡೆ ಲೆಕ್ಕಕ್ಕೆ ಕೂತಿರುತ್ತೀರಿ, ಮೇಸ್ತ್ರಿ ಬಂದು ಕರೆಯುತ್ತಾರೆ. ಎದ್ದು ಹೋದರೂ ಗಮನದ ಒಂದು ಪಾಲು ಲೆಕ್ಕದಲ್ಲೇ ಉಳಿಯುತ್ತದೆ. ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ಇದನ್ನು ತೋರಿಸಿಕೊಟ್ಟರು. ಇದಕ್ಕೊಂದು ಸುಲಭ ಉಪಾಯವಿದೆ. "ಒಂದ್ನಿಮಿಷ ಇರಿ" ಎಂದು ಹೇಳಿ, ಎಲ್ಲಿಗೆ ನಿಲ್ಲಿಸಿದಿರಿ, ಬಂದ ಮೇಲೆ ಮೊದಲು ಏನು ಮಾಡಬೇಕು ಎಂಬುದನ್ನು ಒಂದು ಸಾಲು ಬರೆದು ಏಳಿ. "ಬುಧವಾರದ ಹಾಜರಿಯವರೆಗೆ ಆಯಿತು, ಮುಂದೆ ಮುಂಗಡ ಕಳೆಯಬೇಕು." ಇಷ್ಟು ಸಾಕು.

ಇನ್ನು ಫೋನು. ನೋಟಿಫಿಕೇಶನ್ ಎಲ್ಲವನ್ನೂ ಬಂದ್ ಮಾಡಿ ಎಂದು ಪಟ್ಟಣದವರು ಹೇಳುವುದು ಕೊಡಗಿನ ಸಿದ್ದಾಪುರದ ಕಡೆಯವರಿಗೆ ಆಗದ ಮಾತು. ಆನೆ ಬಂದಿದೆ ಎಂಬ ಸುದ್ದಿ ವಾಟ್ಸಾಪ್ ಗುಂಪಿನಲ್ಲೇ ಬರುವಾಗ ಬಂದ್ ಮಾಡುವುದು ಹೇಗೆ? ಆ ಗುಂಪಿಗೆ ಮತ್ತು ಕರೆಗಳಿಗೆ ಶಬ್ದ ಇರಲಿ, ಉಳಿದ ಗುಂಪುಗಳನ್ನು "ಯಾವಾಗಲೂ ಮ್ಯೂಟ್" ಮಾಡಿ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರೆ ಸಾಲದು, ಶಬ್ದ ಕೇಳುವಷ್ಟು ದೂರದಲ್ಲಿ ಪಕ್ಕದ ಕೋಣೆಯಲ್ಲಿಡಿ. 25 ನಿಮಿಷ ಒಂದೇ ಕೆಲಸ, ಆಮೇಲೆ 5 ನಿಮಿಷ ಅಂಗಳದಲ್ಲಿ ಓಡಾಟ. ಆ ಐದು ನಿಮಿಷಕ್ಕೆ ಫೋನು ಹಿಡಿದರೆ ವಿರಾಮವೂ ಕೆಲಸವಾಗುತ್ತದೆ.

ಕಾಫಿ ಬೆಳೆಯುವ ಊರಿನಲ್ಲಿ ಹೇಳಲು ಸ್ವಲ್ಪ ಮುಜುಗರ, ಆದರೂ ಹೇಳಲೇಬೇಕು. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸುಮಾರು 5 ಗಂಟೆ ಬೇಕು. ಸಂಜೆ 5ರ ಲೋಟ ರಾತ್ರಿ 10ಕ್ಕೂ ಅರ್ಧ ಉಳಿದಿರುತ್ತದೆ. ಮಧ್ಯಾಹ್ನ 2ಕ್ಕೆ ಕೊನೆಯ ಕಾಫಿ ಮುಗಿಸಿ. ಮಲಗುವ ಮುನ್ನ ಒಂದು ಪೆಗ್ ಹಾಕಿದರೆ ನಿದ್ದೆ ಬೇಗ ಹತ್ತುತ್ತದೆ ನಿಜ, ಆದರೆ ನಡುರಾತ್ರಿಯ ನಂತರ ಅದೇ ನಿದ್ದೆ ಕೆಡಿಸುತ್ತದೆ.

ಇಷ್ಟೆಲ್ಲ ಮಾಡಿದರೂ ತಲೆ ಮಂಕಾಗಿಯೇ ಇದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಎರಡರಲ್ಲಿ ಯಾವುದು ಏರುಪೇರಾದರೂ ಗಮನ ನಿಲ್ಲುವುದಿಲ್ಲ. ಎರಡು ವಾರ ಬಿಡದೆ ಬೇಸರ, ನಿದ್ದೆಗೇಡು ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಬದುಕೇ ಬೇಡವೆನಿಸಿದರೆ ಎರಡು ವಾರ ಕಾಯಬೇಡಿ, ಆಗಲೇ ಮಾಡಿ. ಕರೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯವರ ವಿಷಯದಲ್ಲಿ ಆತಂಕವಿರುವವರೂ ಅದೇ ಸಂಖ್ಯೆಗೆ ಕರೆ ಮಾಡಿ ಕೇಳಬಹುದು.

ನಮಸ್ಕಾರ.