ಮೂಡಣದೋರು: ಭೂತಾನ್‌ನ ಶಾರ್ಚೋಪ್ ಜನರ ಬಗ್ಗೆ ಒಂದಿಷ್ಟು ಮಾತು

ಎಲ್ರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳಿಸ್ತಿದೆ ತಾನೆ? ಸರಿ, ಶುರು ಮಾಡೋಣ.

ಭೂತಾನ್ ಅಂದ್ರೆ ನಮ್ಮೋರಿಗೆ ಪಾರೋ, ಥಿಂಫು, ಬಂಡೆ ಮೇಲಿನ ಆ ಟೈಗರ್ಸ್ ನೆಸ್ಟ್ ಮಠದ ಮುಂದೆ ಒಂದು ಸೆಲ್ಫಿ, ಅಲ್ಲಿಗೆ ಟೂರ್ ಮುಗೀತು. ಪೂರ್ವದ ಕಡೆ ಮೊಂಗಾರ್, ತ್ರಾಶಿಗಾಂಗ್, ತ್ರಾಶಿಯಾಂಗ್‌ಚೆ, ಪೆಮಗಾಚೆಲ್ ಅಂತೆಲ್ಲ ಜಿಲ್ಲೆಗಳಿವೆ, ಅಲ್ಲಿನ ಜನಾನೇ ಶಾರ್ಚೋಪ್. ಶಾರ್ ಅಂದ್ರೆ ಮೂಡಣ, ಶಾರ್ಚೋಪ್ ಅಂದ್ರೆ ಮೂಡಣದೋರು. ಯಾರ ಲೆಕ್ಕದಲ್ಲಿ ಮೂಡಣ ಅಂತ ಕೇಳಿ, ಪಡುವಣದಲ್ಲಿ ಕೂತೋರ ಲೆಕ್ಕದಲ್ಲಿ! ಥಿಂಫುವಿಂದ ತ್ರಾಶಿಗಾಂಗ್‌ಗೆ 500 ಕಿಲೋಮೀಟರ್‌ಗಿಂತ ಜಾಸ್ತಿ ದಾರಿ, ಎಲ್ಲಾ ತಿರುವು, ನಡುವೆ ತ್ರುಮ್‌ಶಿಂಗ್ ಲಾ ಅನ್ನೋ ಘಾಟಿ 3,700 ಮೀಟರ್‌ಗಿಂತ ಎತ್ತರ, ಹಾಗಾಗಿ ರಾಜಧಾನಿಯಿಂದ ನೋಡಿದ್ರೆ ಅದು ಮೂಲೆ. ಆದ್ರೆ ಅಲ್ಲೇ ನಿಂತು ನೋಡಿ, ಪಕ್ಕದಲ್ಲಿ ನಮ್ಮ ಅರುಣಾಚಲದ ತವಾಂಗ್, ಕೆಳಗಡೆ ಅಸ್ಸಾಂ, ಮೇಲ್ಗಡೆ ಟಿಬೆಟ್, ಮೂಲೆ ಅನ್ಸೋದೇ ಇಲ್ಲ, ನಾಲ್ಕು ದಾರಿ ಕೂಡೋ ಸಂತೆ ಥರ ಅನ್ಸತ್ತೆ.

ಅವರ ಮಾತು ತ್ಸಾಂಗ್ಲಾ. ಅದಕ್ಕೆ ಸ್ವಂತ ಲಿಪಿ ಇಲ್ಲ, ದೇಶದ ಭಾಷೆ ಜೊಂಗ್‌ಖಾ, ಶಾಲೆಯಲ್ಲಿ ಪಾಠ ಇಂಗ್ಲಿಷಲ್ಲಿ. ಆದ್ರೂ ಮನೆ, ಗದ್ದೆ, ಜಗಳ, ಜೋಕು ಎಲ್ಲಾ ತ್ಸಾಂಗ್ಲಾದಲ್ಲೇ, ಅದೂ ಭೂತಾನ್ ಒಳಗೆ ಮಾತ್ರ ಅಲ್ಲ, ಅರುಣಾಚಲದ ದಿರಾಂಗ್ ಕಡೆ, ಟಿಬೆಟ್‌ನ ಪೆಮಾಕೋದಲ್ಲೂ ಇದೇ ಮಾತಾಡೋರು ಇದ್ದಾರೆ. ಗಡಿ ಆಮೇಲೆ ಬಂತು ನೋಡಿ.

ಊಟಕ್ಕೆ ಮೆಕ್ಕೆಜೋಳ. ತರಿತರಿಯಾಗಿ ಬೀಸಿ ಅನ್ನದ ಥರ ಬೇಯಿಸಿದ್ರೆ ಖರಾಂಗ್. ಹುರಿದು ಕುಟ್ಟಿ ಚಪ್ಪಟೆ ಮಾಡಿದ್ರೆ ತೆಂಗ್ಮಾ, ಅಂದ್ರೆ ಜೋಳದ ಅವಲಕ್ಕಿ ಅನ್ಕೊಳ್ಳಿ, ಆದ್ರೆ ನಮ್ಮ ಅವಲಕ್ಕಿಗಿಂತ ಹಲ್ಲಿಗೆ ಕೆಲಸ ಜಾಸ್ತಿ. ಅದೇ ಜೋಳದಿಂದ ಮನೆಯಲ್ಲೇ ಭಟ್ಟಿ ಇಳಿಸೋದು ಆರಾ. ಪಾತ್ರೆ ಒಲೆ ಮೇಲಿಟ್ಟು, ಬೆಣ್ಣೆ ಕರಗಿಸಿ, ಮೊಟ್ಟೆ ಒಡೆದು ಹಾಕಿ ಕೆದಕಿ, ಅದರ ಮೇಲೆ ಆರಾ ಸುರಿದು ಬಿಸಿ ಮಾಡಿ ಕೊಡ್ತಾರೆ, ಮೊಟ್ಟೆ ತುಣುಕು ಮೇಲೆ ತೇಲ್ತಿರತ್ತೆ. ಊರಿಗೆ ನೆಂಟ್ರು ಬಂದ್ರೆ ಹೆಂಗಸ್ರು ಮನೆಮನೆಯಿಂದ ಆರಾ ತಂದು ಒಟ್ಟಿಗೆ ಕೂತು ಕುಡಿಸ್ತಾರೆ, ತ್ಸೋಗ್‌ಚಾಂಗ್ ಅಂತಾರೆ ಅದನ್ನ. ಒಂದು ಮನೇದು ಕುಡಿದು ಇನ್ನೊಂದು ಮನೇದು ಬೇಡ ಅನ್ನೋ ಹಾಗಿಲ್ಲ, ಕಷ್ಟ ನಿಮಗೇ ಗೊತ್ತು!

ಇನ್ನು ಮನೆ, ಹೊಲ ಸಾಮಾನ್ಯವಾಗಿ ಮಗಳಿಗೆ ಹೋಗತ್ತೆ, ಮದುವೆಯಾದ ಗಂಡು ಹೆಂಡತಿ ಮನೆಗೆ ಬರ್ತಾನೆ. ನಮ್ಮಲ್ಲಿ ‘ಮನೆ ಅಳಿಯ’ ಅಂದ್ರೆ ನಾಲ್ಕು ಜನ ಮುಸಿಮುಸಿ ನಗ್ತಾರೆ, ಅಲ್ಲಿ ಅದರಲ್ಲಿ ನಗೋದಕ್ಕೆ ಏನೂ ಇಲ್ಲ.

ನನಗೆ ತುಂಬಾ ಇಷ್ಟ ಆಗೋದು ನೇಯ್ಗೆ ವಿಷ್ಯ. ತ್ರಾಶಿಗಾಂಗ್ ಹತ್ರ ರಾಧಿ ಅಂತ ಊರು, ರೇಷ್ಮೆ ನೇಯ್ಗೆಗೆ ಹೆಸರುವಾಸಿ. ಈ ರೇಷ್ಮೆಗೆ ಬುರಾ ಅಂತಾರೆ, ಅಂದ್ರೆ ನಮ್ಮ ಎರಿ ರೇಷ್ಮೆ. ರಾಮನಗರದ ಗೂಡು ಮಾರ್ಕೆಟ್ ನೋಡಿದೋರಿಗೆ ಗೊತ್ತು, ಹಿಪ್ಪುನೇರಳೆ ಹುಳದ ಗೂಡನ್ನ ಹುಳ ಒಳಗಿರುವಾಗ್ಲೇ ಬಿಸಿನೀರಿಗೆ ಹಾಕಿ ನೂಲು ಬಿಚ್ಚಬೇಕು, ಚಿಟ್ಟೆ ಹೊರಗೆ ಬಂದ್ರೆ ಎಳೆ ತುಂಡಾಗತ್ತೆ. ಎರಿ ಗೂಡಿಗೆ ಒಂದು ತುದಿ ತೆರೆದೇ ಇರತ್ತೆ, ಚಿಟ್ಟೆ ತನ್ನಷ್ಟಕ್ಕೆ ಹಾರಿಹೋದ ಮೇಲೆ ಖಾಲಿ ಗೂಡನ್ನ ಹತ್ತಿ ಥರ ಹಿಂಜಿ ನೂಲಬಹುದು. ಕೊಲ್ಲಬಾರದು ಅನ್ನೋ ಬೌದ್ಧರಿಗೆ ಇದಕ್ಕಿಂತ ಇನ್ನೇನು ಬೇಕು. (ಕೆಂಪು ಬಣ್ಣಕ್ಕೆ ಅರಗು ಬಳಸ್ತಾರೆ, ಅದೂ ಹುಳದ್ದೇ, ಅಲ್ಲಿ ಲೆಕ್ಕ ಸ್ವಲ್ಪ ಸಡಿಲ.) ಗೂಡು, ನೂಲು ಸುಮಾರಾಗಿ ಅಸ್ಸಾಂನಿಂದ ಬರತ್ತೆ. ಮಗ್ಗ ಅಂದ್ರೆ ನಮ್ಮ ಗುಂಡಿ ಮಗ್ಗ ಅಲ್ಲ. ಹೆಂಗಸು ನೆಲದ ಮೇಲೆ ಕಾಲು ಚಾಚಿ ಕೂತು ಸೊಂಟದ ಹಿಂದೆ ಪಟ್ಟಿ ಬಿಗಿದ್ಕೊಳ್ತಾಳೆ, ಹಿಂದಕ್ಕೆ ವಾಲಿದ್ರೆ ಹಾಸು ಬಿಗಿ, ಮುಂದಕ್ಕೆ ಬಂದ್ರೆ ಸಡಿಲ, ಅಂದ್ರೆ ಅವಳ ಬೆನ್ನೇ ಮಗ್ಗದ ಅರ್ಧ ಭಾಗ. ಬಟ್ಟೆ ಅಗಲ ಕಮ್ಮಿ, ಅದಕ್ಕೇ ಹೆಂಗಸ್ರು ಉಡೋ ಕಿರಾ ಅನ್ನೋ ಬಟ್ಟೆಗೆ ಮೂರು ಪಟ್ಟಿ ಜೋಡಿಸಿ ಹೊಲಿಯೋದು.

ತ್ರಾಶಿಯಾಂಗ್‌ಚೆಯಲ್ಲಿ 1740ರಲ್ಲಿ ಲಾಮಾ ನ್ಗವಾಂಗ್ ಲೋಡೆ ಕಟ್ಟಿಸಿದ ದೊಡ್ಡ ಬಿಳಿ ಸ್ತೂಪ ಇದೆ, ಚೋರ್ಟೆನ್ ಕೋರಾ. ತವಾಂಗ್ ಕಡೆಯ ಒಂದು ಪುಟ್ಟ ಹುಡುಗಿ ತಾನಾಗೇ ಅದರೊಳಗೆ ಸಮಾಧಿಯಾದ್ಲು ಅಂತ ಕಥೆ. ಅದಕ್ಕೆ ವರ್ಷಕ್ಕೆ ಎರಡು ಪ್ರದಕ್ಷಿಣೆ ಜಾತ್ರೆ, ಮೊದಲ್ನೇದು ಆ ಕಡೆಯಿಂದ ಬರೋ ದಕ್ಪಾ ಜನರಿಗೆ, ಹದಿನೈದು ದಿನ ಬಿಟ್ಟು ಭೂತಾನಿನೋರಿಗೆ. ಪಾಸ್‌ಪೋರ್ಟ್ ಹುಟ್ಟೋಕ್ ಮುಂಚಿನ ನೆಂಟಸ್ತನ ಅದು.

ನಮಗೂ ಒಂದು ದಾರಿ ಇದೆ. ಶಾರ್ಚೋಪರಲ್ಲಿ ಹೆಚ್ಚಿನೋರು ಟಿಬೆಟಿಯನ್ ಬೌದ್ಧಧರ್ಮದ ನ್ಯಿಂಗ್ಮಾ ಪಂಥದೋರು, ನಮ್ಮ ಬೈಲುಕುಪ್ಪೆಯ ನಾಮ್‌ದ್ರೋಲಿಂಗ್ ಕೂಡ ಅದೇ ಪಂಥದ ಮಠ, ಭೂತಾನ್ ಹುಡುಗ್ರೂ ಅಲ್ಲಿ ಓದೋಕೆ ಬರ್ತಾರೆ. ಮುಂದಿನ ಸಲ ಗೋಲ್ಡನ್ ಟೆಂಪಲ್‌ಗೆ ಹೋದಾಗ ಪೂರ್ವದ ಹುಡುಗ ಯಾರಾದ್ರೂ ಸಿಕ್ಕಿದ್ರೆ, ಎದೆ ಮುಟ್ಕೊಂಡು ‘ನಾನ್’ ಅನ್ನೋಕೆ ಹೋಗ್ಬೇಡಿ, ತ್ಸಾಂಗ್ಲಾದಲ್ಲಿ ನಾನ್ ಅಂದ್ರೆ ನೀನು. ನಾನು ಅನ್ನೋದಕ್ಕೆ ಅವರು ಜಾಂಗ್ ಅಂತಾರೆ.

ಪ್ರಶ್ನೆ ಇದ್ರೆ ಕೇಳಿ, ಆರಾ ರೆಸಿಪಿ ಬಿಟ್ಟು.