ಖಾಲಿ ಉಳಿದ ಮೂರು ಸಾಲುಗಳು

ಸ್ನೇಹಿತರೇ, ಎಲ್ಲರಿಗೂ ನಮಸ್ಕಾರ. ಈಗ ನೀವು ನೋಡುತ್ತಿರುವುದು ಬೆಂಗಳೂರಿನ ಒಂದು ರಂಗಮಂದಿರದ ಹೊರ ಆವರಣ. ಗೇಟಿನ ಬಳಿ ನಿಂತು ಕೈ ಬೀಸುತ್ತಿರುವವರು ನನ್ನ ಸೋದರತ್ತೆ. ಈ ನಾಟಕಕ್ಕೆಂದೇ ತಿಪಟೂರಿನಿಂದ ರೈಲಿನಲ್ಲಿ ಬಂದಿದ್ದಾರೆ. ರಂಗಮಂದಿರದ ಹೆಸರನ್ನಾಗಲಿ ತಂಡದ ಹೆಸರನ್ನಾಗಲಿ ನಾನು ಹೇಳುವುದಿಲ್ಲ, ಏಕೆಂದರೆ ನಾಟಕಕ್ಕೆ ಮೊದಲು ನಡೆಯುವ ಉದ್ದನೆಯ ಸಭೆ ಮತ್ತು ಗಣ್ಯರಿಗೆಂದು ಮೀಸಲಿಟ್ಟು ಖಾಲಿ ಉಳಿಯುವ ಕುರ್ಚಿಗಳ ಬಗೆಗಿನ ಈ ದೂರು ಒಂದು ಕಟ್ಟಡಕ್ಕೋ ಒಂದು ತಂಡಕ್ಕೋ ಸೀಮಿತವಾದದ್ದಲ್ಲ. ಪ್ರದರ್ಶನವನ್ನು ಚಿತ್ರೀಕರಿಸಬಾರದೆಂಬ ನಿಯಮವಿದೆ, ಅದು ಇರಲೇಬೇಕಾದ ನಿಯಮ. ಆದ್ದರಿಂದ ಒಳಗೆ ನಡೆದದ್ದನ್ನು ಈ ಹೊರಗಿನ ದೃಶ್ಯಗಳ ಮೇಲೆಯೇ ಹೇಳುತ್ತಾ ಹೋಗುತ್ತೇನೆ.

ಅತ್ತೆಗೆ ಈಗ 72 ವರ್ಷ. ಜಾತ್ರೆಯ ಹೊತ್ತಿಗೆ ಊರಿಗೆ ಬಂದು ಟೆಂಟು ಹಾಕುತ್ತಿದ್ದ ಕಂಪನಿ ನಾಟಕಗಳನ್ನು ನೆಲದ ಟಿಕೆಟ್ಟಿನಲ್ಲಿ ಕುಳಿತು ನೋಡಿ ಬೆಳೆದವರು ಅವರು. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ನಮ್ಮ ತುಮಕೂರು ಜಿಲ್ಲೆಯದೇ ಆದ್ದರಿಂದ, ಅದನ್ನು ಬೆಳೆಸಿದ ಗುಬ್ಬಿ ವೀರಣ್ಣನವರು ರಂಗದ ಮೇಲೆ ನಿಜವಾದ ಆನೆ, ಕುದುರೆಗಳನ್ನು ತಂದ ಕಥೆ ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ನಡೆದು ಬಂದಿದೆ. ಈ ಸಂಜೆಯ ನಾಟಕದಲ್ಲಿ ಹಳೆಯ ಮಟ್ಟಿನ ಒಂದು ರಂಗಗೀತೆಯಿದೆ ಎಂದು ಯಾರೋ ಹೇಳಿದ್ದನ್ನು ಕೇಳಿ, ಅದಕ್ಕಾಗಿಯೇ ಅವರು ಹದಿನೈದು ದಿನಗಳಿಂದ ಕಾದಿದ್ದರು.

ಟಿಕೆಟ್ಟಿನ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ತಲಾ 200 ರೂಪಾಯಿಯಂತೆ ಇಬ್ಬರಿಗೆ 400 ರೂಪಾಯಿ. 500 ರೂಪಾಯಿಯವರೆಗಿನ ನಾಟಕದ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲ. ಆದರೆ ಆನ್‌ಲೈನಿನಲ್ಲಿ ಕಾಯ್ದಿರಿಸಿದರೆ ಟಿಕೆಟ್ಟಿಗೆ 19 ರೂಪಾಯಿಯಂತೆ ಅನುಕೂಲ ಶುಲ್ಕ, ಆ ಶುಲ್ಕದ ಮೇಲೆ ಶೇ. 18ರಷ್ಟು ತೆರಿಗೆ ಸೇರಿ ನಾನು ಕೊಟ್ಟದ್ದು 444 ರೂಪಾಯಿ 84 ಪೈಸೆ. ನಾಟಕದ ಕಲಾವಿದರಿಗೆ ಇನ್ನೂರು ರೂಪಾಯಿ ಹೆಚ್ಚು ಕೊಡೆಂದರೂ ಸಂತೋಷದಿಂದ ಕೊಡುತ್ತೇನೆ, ಆದರೆ ಅವರ ಕೈ ಸೇರದ ಈ 44 ರೂಪಾಯಿ ನನಗೆ ಇಂದಿಗೂ ಚುಚ್ಚುತ್ತದೆ. ಕೌಂಟರಿನಲ್ಲಿ ಟಿಕೆಟ್ ಸಿಗುತ್ತಿದ್ದ ದಿನಗಳಲ್ಲಿ ಹೀಗಿರಲಿಲ್ಲ, ಅಲ್ಲಿ ಎರಡು ಮಾತಾದರೂ ಆಡಬಹುದಿತ್ತು. ಇರಲಿ, ಬಾಗಿಲು ತೆರೆಯಿತು, ಒಳಗೆ ಹೋಗೋಣ.

ಟಿಕೆಟ್ಟಿನಲ್ಲಿ ಆಸನದ ಸಂಖ್ಯೆಯಿರಲಿಲ್ಲ, ಮೊದಲು ಬಂದವರಿಗೆ ಆದ್ಯತೆ ಎಂದಿತ್ತು. ಅತ್ತೆ ಎರಡೂ ಕಿವಿಗೆ ಶ್ರವಣ ಸಾಧನ ಹಾಕಿಕೊಳ್ಳುತ್ತಾರೆ. ಅದು ದೂರದ ದನಿಯನ್ನು ಹತ್ತಿರಕ್ಕೆ ತರುವ ಯಂತ್ರವಲ್ಲ. ಪಕ್ಕದಲ್ಲಿ ಪೊಟ್ಟಣ ಸರಪರ ಎಂದರೆ ಮೊದಲು ಅದನ್ನೇ ದೊಡ್ಡದು ಮಾಡಿ ಕೇಳಿಸುತ್ತದೆ, ಇಪ್ಪತ್ತು ಮಾರು ದೂರದ ನಟನ ಮಾತು ಆ ಸದ್ದಿನಲ್ಲಿ ಕೊಚ್ಚಿಹೋಗುತ್ತದೆ. ಹಾಗಾಗಿ ಮುಂದೆ ಕೂರಬೇಕೆಂದು ಆರೂವರೆಯ ನಾಟಕಕ್ಕೆ ನಾವು ಐದೂಮುಕ್ಕಾಲಿಗೇ ಬಂದು ಸಾಲಿನಲ್ಲಿ ಮೊದಲಿಗರಾಗಿ ನಿಂತಿದ್ದೆವು. ಒಳಗೆ ಹೋಗಿ ನೋಡಿದರೆ ಮೊದಲ ಮೂರು ಸಾಲುಗಳ ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸಿ, ತುದಿಯ ಕುರ್ಚಿಗೆ ‘ಗಣ್ಯರಿಗೆ ಮೀಸಲು’ ಎಂದು ಬರೆದ ಹಾಳೆಯನ್ನು ಸೆಲ್ಲೋಟೇಪಿನಲ್ಲಿ ಅಂಟಿಸಿದ್ದರು. ಅದರ ಹಿಂದಿನ ಐದು ಸಾಲುಗಳು ಆಹ್ವಾನಿತರಿಗಂತೆ. ಹಣ ಕೊಟ್ಟು ಎಲ್ಲರಿಗಿಂತ ಮೊದಲು ಬಂದ ನಮಗೆ ಸಿಕ್ಕಿದ್ದು ಒಂಬತ್ತನೆಯ ಸಾಲು.

ನಾಟಕದ ಆರಂಭ ಸಾರುವ ಮೂರನೆಯ ಗಂಟೆ ಬಾರಿಸಿತು, ಪರದೆ ಸರಿಯಿತು. ರಂಗದ ಮೇಲೆ ನಾಟಕವಿರಲಿಲ್ಲ. ಏಳು ಕುರ್ಚಿಗಳು, ಒಂದು ಉದ್ದನೆಯ ಮೇಜು, ಹಿಂದೆ ಪ್ರಾಯೋಜಕರ ಹೆಸರಿದ್ದ ದೊಡ್ಡ ಬ್ಯಾನರು ಇದ್ದವು. ಉದ್ಘಾಟಕರು ಬಾರದ ಕಾರಣ ಅದೂ ಕೂಡಲೇ ಆರಂಭವಾಗಲಿಲ್ಲ, ಇಪ್ಪತ್ತು ನಿಮಿಷ ಕಾದೆವು. ಆಮೇಲೆ ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಏಳು ಜನರಿಗೂ ಒಬ್ಬೊಬ್ಬರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಪ್ರತಿಯೊಂದಕ್ಕೂ ಫೋಟೋ. ಎರಡೇ ಮಾತು ಹೇಳಿ ಕೂರುತ್ತೇನೆ ಎಂದು ಎದ್ದು ನಿಂತವರು ಇಪ್ಪತ್ತೆರಡು ನಿಮಿಷ ಮಾತನಾಡಿದರು, ಮತ್ತು ಆ ಮಾತಿನಲ್ಲಿ ಹೆಚ್ಚಿನ ಭಾಗ ಇಂದು ಜನ ನಾಟಕ ನೋಡಲು ಬರುವುದಿಲ್ಲ ಎಂಬ ಅಳಲೇ ಆಗಿತ್ತು. ಬಂದು ಕುಳಿತಿದ್ದ ಜನರ ಮುಂದೆ, ಅವರು ನೋಡಲು ಬಂದ ನಾಟಕವನ್ನೇ ತಡೆದು ನಿಲ್ಲಿಸಿಕೊಂಡು ಈ ಮಾತನ್ನು ಹೇಳಬಾರದಿತ್ತು.

ಅತ್ತೆಗೆ ನೀರು ತರಲೆಂದು ಎದ್ದು ಹೊರಗೆ ಬಂದಾಗ ಪಕ್ಕದ ಬಾಗಿಲಿನಿಂದ ಒಂದು ನೋಟ ಕಂಡಿತು. ರಾಜನ ವೇಷದ ನಟರೊಬ್ಬರು ನೇಪಥ್ಯದ ಮೆಟ್ಟಿಲಿನ ಮೇಲೆ ಕುಳಿತು, ಕಿರೀಟವನ್ನು ತೊಡೆಯ ಮೇಲಿಟ್ಟುಕೊಂಡು, ಆಹ್ವಾನ ಪತ್ರಿಕೆಯಿಂದಲೇ ಗಾಳಿ ಹಾಕಿಕೊಳ್ಳುತ್ತಿದ್ದರು. ಕೆನ್ನೆಯ ಬಣ್ಣ ಬೆವರಿನಲ್ಲಿ ಗೆರೆಗೆರೆಯಾಗಿ ಇಳಿದಿತ್ತು. ಒಬ್ಬ ಹುಡುಗಿ ಹತ್ತಿಯಿಂದ ಅದನ್ನು ಒತ್ತಿ ಒತ್ತಿ ಸರಿಪಡಿಸುತ್ತಿದ್ದಳು. ಬಣ್ಣ ಹಚ್ಚಿ ಸಿದ್ಧವಾದ ನಟ ಒಂದೂವರೆ ಗಂಟೆ ಹಾಗೆ ಕುಳಿತರೆ, ಮೈಯಲ್ಲಿ ತುಂಬಿಕೊಂಡ ಪಾತ್ರ ಎಲ್ಲಿ ಉಳಿಯಬೇಕು?

ಈಗ ಕಾಣುತ್ತಿರುವುದು ಕ್ಯಾಂಟೀನು. ಬೋಂಡ ಚೆನ್ನಾಗಿತ್ತು, ಕಾಫಿಗೆ ಸಕ್ಕರೆ ಜಾಸ್ತಿಯಾಗಿತ್ತು. ನಾನು ಕಾಲೇಜಿನಲ್ಲಿದ್ದಾಗ ನಾಟಕದ ಬಗೆಗಿನ ನಿಜವಾದ ಜಗಳಗಳೆಲ್ಲ ಇಂಥ ಕಟ್ಟೆಗಳ ಮೇಲೆಯೇ ನಡೆಯುತ್ತಿದ್ದವು, ವಾರಗಟ್ಟಲೆ ಮಾತು ಬಿಟ್ಟವರೂ ಇದ್ದರು. ಈ ದೃಶ್ಯ ಇಲ್ಲಿಗೆ ಮುಗಿಯಿತು, ಒಳಗಿನ ಕಥೆಗೆ ಮರಳುತ್ತೇನೆ.

ಎಂಟು ಗಂಟೆ ಐದು ನಿಮಿಷಕ್ಕೆ ವಂದನಾರ್ಪಣೆ ಮುಗಿಯಿತು. ವೇದಿಕೆಯಲ್ಲಿದ್ದ ಏಳು ಜನರೂ ಇಳಿದು, ಬೇರೊಂದು ಕಾರ್ಯಕ್ರಮವಿದೆಯೆಂದು ನೇರವಾಗಿ ಬಾಗಿಲಿನ ಕಡೆ ನಡೆದರು. ಅವರ ಹಿಂದೆ ಮುಂದಿನ ಸಾಲುಗಳಲ್ಲಿದ್ದವರೆಲ್ಲರೂ ಎದ್ದರು. ಎರಡು ನಿಮಿಷದಲ್ಲಿ ಮೊದಲ ಮೂರು ಸಾಲುಗಳು ಪೂರ್ತಿ ಖಾಲಿ. ಸಾಲಿಗೆ 24ರಂತೆ 72 ಕುರ್ಚಿಗಳು, ನಾನು ಎಣಿಸಿದ್ದೇನೆ. ಅತ್ತೆಯ ಕೈ ಹಿಡಿದು ಮುಂದೆ ಕರೆದುಕೊಂಡು ಹೋದೆ. ಕೊರಳಿಗೆ ಬ್ಯಾಡ್ಜ್ ಹಾಕಿಕೊಂಡಿದ್ದ ಒಬ್ಬ ಹುಡುಗ ಅಡ್ಡ ಬಂದ.

“ಅಮ್ಮ, ಇದು ವಿಐಪಿ ಸೀಟು. ದಯವಿಟ್ಟು ಹಿಂದೆ ಕೂತ್ಕೊಳ್ಳಿ.”

“ಅವರೆಲ್ಲ ಹೋದ್ರಲ್ಲಪ್ಪ. ನನಗೆ ಕಿವಿ ಸರಿಯಾಗಿ ಕೇಳ್ಸಲ್ಲ, ಅದಕ್ಕೆ ಕೇಳ್ತಿದೀನಿ.”

“ವಾಪಸ್ ಯಾರಾದ್ರೂ ಬಂದ್ರೆ ನಂಗೆ ಬೈತಾರೆ, ಅಮ್ಮ.”

ಅತ್ತೆ ಮರುಮಾತಾಡದೆ ಹಿಂದಿರುಗಿದರು. ಅಷ್ಟರಲ್ಲಿ ನಮ್ಮ ಜಾಗದಲ್ಲಿ ಬೇರೆಯವರು ಕುಳಿತಿದ್ದರು, ನಮಗೆ ಹದಿನಾಲ್ಕನೆಯ ಸಾಲು ಸಿಕ್ಕಿತು. ಆ ಹುಡುಗನ ಮೇಲೆ ನನಗೆ ಬಂದ ಸಿಟ್ಟನ್ನು ಅಂದು ರಾತ್ರಿಯೇ ರೆಕಾರ್ಡ್ ಮಾಡಿಟ್ಟಿದ್ದೆ, ಎಡಿಟಿಂಗ್‌ನಲ್ಲಿ ಅದನ್ನು ತೆಗೆದುಹಾಕಿದ್ದೇನೆ. ಕಾಲೇಜಿನಿಂದ ಸ್ವಯಂಸೇವಕನಾಗಿ ಬಂದ ಹುಡುಗ ಅವನು. ಗಣ್ಯರು ಹೊರಟ ಮೇಲೆ ಬಟ್ಟೆ ತೆಗೆದು ಜನರನ್ನು ಮುಂದೆ ಕೂರಿಸು ಎಂಬ ಒಂದು ಮಾತನ್ನು ಅವನಿಗೆ ಹೇಳಬೇಕಾದವರು ಹೇಳಿರಲಿಲ್ಲ. ತಪ್ಪು ಅವರದು.

ನಾಟಕ ಶುರುವಾದದ್ದು ಎಂಟೂ ಇಪ್ಪತ್ತಕ್ಕೆ. ನಟರ ಮುಂದೆ ಬೆಳಕು ತಾಗಿ ಹೊಳೆಯುತ್ತಿದ್ದ ಎಪ್ಪತ್ತೆರಡು ಬಿಳಿ ಬೆನ್ನುಗಳು, ಅವುಗಳ ಆಚೆ ಎಲ್ಲೋ ಕತ್ತಲಲ್ಲಿ ನಾವು. ಹಾಸ್ಯದ ಮಾತಿಗೆ ನಾವು ನಕ್ಕ ನಗು ರಂಗದವರೆಗೆ ಹೋಗುತ್ತಿರಲಿಲ್ಲ. ನಗು ಬರುತ್ತದೆಂದು ನಟ ಒಂದು ಕ್ಷಣ ನಿಲ್ಲುವುದು, ಬಾರದೆ ಮುಂದಿನ ಮಾತಿಗೆ ಹೋಗುವುದು ಹಿಂದಿನಿಂದಲೂ ಸ್ಪಷ್ಟವಾಗಿ ಕಾಣುತ್ತಿತ್ತು. ಒಂಬತ್ತು ಗಂಟೆಯಾದರೂ ಜನ ಮೊಬೈಲಿನ ಬೆಳಕು ಹಿಡಿದು ಒಳಗೆ ಬರುತ್ತಲೇ ಇದ್ದರು, ಬಸ್ಸಿಗೆ ಹೊತ್ತಾಯಿತೆಂದು ಬೇರೆಯವರು ಎದ್ದು ಹೋಗುತ್ತಲೇ ಇದ್ದರು. ಇದೇ ಬೆಂಗಳೂರಿನಲ್ಲಿ 2004ರಿಂದ ನಡೆಯುತ್ತಿರುವ ರಂಗಶಂಕರ ಎಂಬ ರಂಗಮಂದಿರದಲ್ಲಿ ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಅದು ವಿಪರೀತ ಕಠಿಣವೆಂದು ಈ ಚಾನೆಲ್‌ನಲ್ಲಿಯೇ ನಾನು ಒಮ್ಮೆ ಹೇಳಿದ್ದೆ, ಆ ಮಾತನ್ನು ಇಂದು ಹಿಂತೆಗೆದುಕೊಳ್ಳುತ್ತೇನೆ. ಆ ಶಿಸ್ತು ಇರುವಲ್ಲಿ ಹೊತ್ತಿಗೆ ಸರಿಯಾಗಿ ಬಂದವನಿಗೆ ಮರ್ಯಾದೆಯಿರುತ್ತದೆ.

ಅತ್ತೆ ಕೊನೆಯವರೆಗೂ ಕುಳಿತು ಹಾಡಿಗಾಗಿ ಕಾದರು. ಹಾಡು ಬರಲೇ ಇಲ್ಲ, ಪರದೆ ಬಿತ್ತು.

ಈಗ ನೋಡುತ್ತಿರುವುದು ಪಾರ್ಕಿಂಗ್ ಜಾಗ. ರಂಗಸಜ್ಜಿಕೆಯನ್ನು ಟೆಂಪೋಗೆ ತುಂಬುತ್ತಿದ್ದಾರೆ. ಮುಖ ಅರ್ಧ ತೊಳೆದುಕೊಂಡಿದ್ದ ಅದೇ ನಟರು ಅಲ್ಲಿದ್ದರು. ಅವರ ಕೋರಿಕೆಯಂತೆ ಮುಖ ತೋರಿಸುತ್ತಿಲ್ಲ. ಹಾಡು ಯಾಕೆ ಹಾಡಲಿಲ್ಲವೆಂದು ಅತ್ತೆ ಕೇಳಿದರು. “ಅಮ್ಮ, ಹತ್ತು ಗಂಟೆಗೆ ಹಾಲ್ ಬಿಟ್ಟುಕೊಡಬೇಕು, ಮೀರಿದರೆ ಹೆಚ್ಚುವರಿ ಬಾಡಿಗೆ. ಸಭೆ ಎಳೆದ ಮೇಲೆ ಒಳಗೇ ನಿರ್ಧಾರ ಮಾಡಿ ಎರಡು ದೃಶ್ಯ ಬಿಟ್ಟೆವು. ಹಾಡು ಅದರಲ್ಲೇ ಇತ್ತು” ಎಂದರು. ಅಲ್ಲಿಯವರೆಗೆ ನಾನು ತಂಡವನ್ನೂ ಈ ಅವ್ಯವಸ್ಥೆಯ ಪಾಲುದಾರರೆಂದೇ ತಿಳಿದಿದ್ದೆ. ಬಾಡಿಗೆ, ಬೆಳಕು, ಸಜ್ಜಿಕೆ ಸಾಗಿಸುವ ಟೆಂಪೋ ಇವಕ್ಕೆಲ್ಲ ನಮ್ಮ ಇನ್ನೂರು ರೂಪಾಯಿಯ ಟಿಕೆಟ್ ಸಾಲುವುದಿಲ್ಲ, ಸಾಲದ್ದನ್ನು ಕೊಡುವವರು ವೇದಿಕೆ ಕೇಳುತ್ತಾರೆ, ತಂಡ ಇಲ್ಲವೆನ್ನಲಾರದು. ಹಾಗಿದ್ದರೂ ಆ ಸನ್ಮಾನವನ್ನು ನಾಟಕ ಮುಗಿದ ಮೇಲೆ, ನಟರ ಜೊತೆಯಲ್ಲಿ ನಿಲ್ಲಿಸಿ ಮಾಡಬಹುದು. ದಾನಿಗಳೂ ನಾಟಕ ನೋಡಿದಂತಾಗುತ್ತದೆ.

ಮುಂದಿನ ಪ್ರದರ್ಶನ ಎಲ್ಲಿ ಎಂದು ಅತ್ತೆ ವಿಚಾರಿಸಿದರು. ಬರುವ ತಿಂಗಳು ತುಮಕೂರಿನಲ್ಲಂತೆ, ಟಿಕೆಟ್ ಬಾಗಿಲಲ್ಲೇ ಕೊಡುತ್ತಾರಂತೆ. ಅತ್ತೆ ಚೀಲದಿಂದ ಪುಟ್ಟ ಡೈರಿ ತೆಗೆದು ದಿನಾಂಕ ಬರೆದುಕೊಂಡು, “ಅಲ್ಲೂ ಸಭೆ ಇದ್ಯೇನಪ್ಪ?” ಎಂದು ಕೇಳಿದರು.

“ಗೊತ್ತಿಲ್ಲಮ್ಮ, ಅದು ಕರೆಸಿದವರಿಗೆ ಬಿಟ್ಟಿದ್ದು. ನೀವು ಬಂದರೆ ನನಗೊಂದು ಮಾತು ತಿಳಿಸಿ, ಮುಂದಿನ ಸಾಲಲ್ಲಿ ನಾನೇ ಕೂರಿಸ್ತೀನಿ.”

ಟೆಂಪೋ ಹಾರ್ನ್ ಹಾಕಿತು, ಅವರು ಕಿರೀಟದ ಡಬ್ಬಿಯನ್ನು ಎತ್ತಿಕೊಂಡು ಓಡಿದರು.