ತೀರಾ ಸುಮ್ಮನಿರುವ ಕೂಸು

ಎಲ್ಲರಿಗೂ ನಮಸ್ಕಾರ. ಇವತ್ತು ಬಾಣಂತಿಯರಿಗಿಂತ ಅವರ ಅಮ್ಮಂದಿರು, ಅತ್ತೆಯಂದಿರೇ ಜಾಸ್ತಿ ಬಂದಿದ್ದೀರಿ. ಒಳ್ಳೆಯದೇ ಆಯ್ತು. ಬಾಣಂತನದ ಮನೆಯಲ್ಲಿ ಆಸ್ಪತ್ರೆಗೆ ಹೋಗಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರು ನೀವೇ ಅಲ್ವಾ?

ಮಗು ಕಿರುಚಿ ಅತ್ತರೆ ಮನೆಮಂದಿಯೆಲ್ಲ ಓಡಿ ಬರುತ್ತಾರೆ. ನನಗೆ ಭಯ ಆಗುವುದು ಅಳದ ಮಗುವನ್ನು ಕಂಡಾಗ. ‘ಎಷ್ಟು ಸಾಧು ಕೂಸು, ಹಾಲಿಗೂ ಏಳಲ್ಲ’ ಅಂತ ಮೆಚ್ಚಿಕೊಳ್ಳುವವರಿದ್ದಾರೆ. ನಿನ್ನೆವರೆಗೆ ಚೆನ್ನಾಗಿ ಚೀಪುತ್ತಿದ್ದ ಮಗು ಇವತ್ತು ಬಾಯಿಗಿಟ್ಟರೂ ಚೀಪುತ್ತಿಲ್ಲ, ಅಂಗಾಲು ತಟ್ಟಿದರೂ ಎಚ್ಚರ ಆಗುತ್ತಿಲ್ಲ, ಕೈಕಾಲು ಜೋತು ಬಿದ್ದಿವೆ ಅಂದರೆ ಸೋಂಕು ರಕ್ತಕ್ಕೆ ಸೇರಿರಬಹುದು. ದೃಷ್ಟಿ ತೆಗೆಯಬೇಕೆನಿಸಿದರೆ ಆಟೋದಲ್ಲಿ ಕೂತು ತೆಗೆಯಿರಿ!

ಜ್ವರ ಬರಲಿ ನೋಡೋಣ ಅಂತಲೂ ಕಾಯಬೇಡಿ. ಕಂಕುಳಲ್ಲಿ 99.5 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಆಸ್ಪತ್ರೆಗೆ ಹೋಗಲೇಬೇಕು. ಆದರೆ ಸೋಂಕಾದ ಎಷ್ಟೋ ಹಸುಗೂಸುಗಳಿಗೆ ಜ್ವರದ ಬದಲು ಮೈ ತಣ್ಣಗಾಗುತ್ತದೆ. ಪಾದ ಮಾತ್ರ ತಣ್ಣಗಿದ್ದರೆ ಬೆಚ್ಚಗೆ ಹೊದಿಸಿ ನೋಡಿ. ಹೊಟ್ಟೆಯೂ ತಣ್ಣಗಿದ್ದರೆ ಹೊರಡಿ.

ಉಸಿರು ಎಣಿಸುವುದನ್ನು ಎಲ್ಲರೂ ಕಲಿಯಿರಿ. ಮಗು ಅಳದೆ ಇರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏಳುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಬೇಡಿ, ಯಾಕಂದ್ರೆ ಕೂಸಿನ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. 60 ಅಥವಾ ಜಾಸ್ತಿ ಬಂದರೆ ಇನ್ನೊಮ್ಮೆ ಎಣಿಸಿ. ಆಗಲೂ ಅಷ್ಟೇ ಇದ್ದರೆ, ಇಲ್ಲವೇ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ನರಳುತ್ತಿದ್ದರೆ ತಡಮಾಡಬೇಡಿ.

ಇನ್ನು ಕಾಮಾಲೆ. ಎರಡನೇ ಮೂರನೇ ದಿನ ಮುಖ ಸ್ವಲ್ಪ ಹಳದಿಯಾಗುವುದು ಸಾಮಾನ್ಯ. ಹುಟ್ಟಿದ 24 ಗಂಟೆಯೊಳಗೇ ಕಂಡರೆ, ಅಂಗೈ ಅಂಗಾಲಿಗೆ ಇಳಿದರೆ ಎಳೆಬಿಸಿಲು ಸಾಲದು. ರಕ್ತ ಪರೀಕ್ಷೆ ಆಗಬೇಕು, ನೀಲಿ ಲೈಟಿನ ಕೆಳಗೆ ಮಲಗಿಸಬೇಕಾಗಬಹುದು. ಎರಡು ವಾರ ದಾಟಿಯೂ ಹಳದಿ ಇಳಿದಿಲ್ಲ, ಕಕ್ಕ ಸುಣ್ಣದಂತೆ ಬಿಳಿಚಿಕೊಂಡಿದೆ, ಉಚ್ಚೆ ಬಟ್ಟೆಗೆ ಕಲೆ ಹಿಡಿಯುತ್ತಿದೆ ಅಂದರೆ ಪಿತ್ತನಾಳದ ತೊಂದರೆ ಇರಬಹುದು. ಅದಕ್ಕೆ ಆಪರೇಷನ್ ಬೇಕಾದರೆ ಎರಡು ತಿಂಗಳೊಳಗೆ ಆದರೇ ಮೇಲು.

ಹಸಿರು ವಾಂತಿ, ಫಿಟ್ಸ್, ತುಟಿ ನೀಲಿಯಾಗುವುದು, ಹೊಕ್ಕುಳ ಸುತ್ತ ಕೆಂಪಾಗಿ ಕೀವು. ಇವಕ್ಕೆ ವಿವರಣೆ ಬೇಡ, ರಾತ್ರಿಯಾದರೂ ಹೊರಡಿ.

ಎಲ್ಲದಕ್ಕೂ ಹೆದರಬೇಕಾಗಿಲ್ಲ. ಸೀನು, ಬಿಕ್ಕಳಿಕೆ, ಕುಡಿದ ಮೇಲೆ ಸ್ವಲ್ಪ ಹಾಲು ಕಕ್ಕುವುದು ಎಲ್ಲ ಇದ್ದದ್ದೇ. ಮಗುವಿನ ಎದೆ ಊದಿಕೊಂಡಿದೆ ಅಂತ ಹಿಂಡಬೇಡಿ, ತಾನೇ ಇಳಿಯುತ್ತದೆ. ಬಾಯಿಗೆ ಜೇನು ಮಾತ್ರ ಒಂದು ವರ್ಷ ತುಂಬುವವರೆಗೆ ಬೇಡ.

ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಸಂಕೋಚವಿಲ್ಲದೆ ಕೇಳಿ. ಆದರೆ ತೊಂದರೆ ಕಂಡ ಮೇಲೆ ಅವರು ಬರುವ ದಿನಕ್ಕೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದವರೆಗಿನ ಮಕ್ಕಳ ಚಿಕಿತ್ಸೆ ಉಚಿತ.

ದಾರಿಯಲ್ಲಿ ಮಗುವಿನ ಮುಖ ಮುಚ್ಚಬೇಡಿ. ಟೋಪಿ ಹಾಕಿ, ಅಮ್ಮನ ಎದೆಗೆ ಮೈಗೆ ಮೈ ತಾಗುವಂತೆ ಇಟ್ಟು ಮೇಲೆ ಹೊದಿಸಿ. ತಾಯಿ ಕಾರ್ಡ್ ತೆಗೆದುಕೊಳ್ಳಿ. ಕೊನೆಯ ಸಲ ಯಾವಾಗ ಚೆನ್ನಾಗಿ ಕುಡಿಯಿತು, ಯಾವಾಗ ಉಚ್ಚೆ ಮಾಡಿತು ಅಂತ ನೆನಪಿಟ್ಟುಕೊಳ್ಳಿ. ಡಾಕ್ಟರು ಅದನ್ನು ಕೇಳೇ ಕೇಳುತ್ತಾರೆ.